ಬಿಡುವವರ ಜೊತೆಗೆ ಬಿಟ್ಟವರು

ಸಿಗರೇಟು ಬಿಡಬೇಕೆನ್ನುವವರಿಗೆ ಬೆಂಗಳೂರಿನಲ್ಲಿ ಸಿಗುವ ನೆರವು, ಮತ್ತು ಜೊತೆಗಾರರಿಂದ ಬರುವ ಬಲ

ಸಂಜೆ ಆರೂವರೆಯ ಹೊತ್ತಿಗೆ ಕಲ್ಯಾಣ ನಗರದಲ್ಲಿ ಹೊರ ವರ್ತುಲ ರಸ್ತೆಗೆ ಅಂಟಿಕೊಂಡ ಯಾವುದಾದರೂ ಟೀ ಅಂಗಡಿಯ ಮುಂದೆ ನಿಂತು ನೋಡಿ. ಒಬ್ಬನೇ ಬಂದು ಸೇದಿ ಹೋಗುವವರು ಕಡಿಮೆ. ಕಚೇರಿಯಿಂದ ಮೂವರು, ನಾಲ್ವರು ಒಟ್ಟಿಗೇ ಇಳಿದು ಬರುತ್ತಾರೆ. ಒಬ್ಬ ಟೀ ಹೇಳುತ್ತಾನೆ, ಇನ್ನೊಬ್ಬ ಸಿಗರೇಟು ಕೇಳುತ್ತಾನೆ, ಮತ್ತೊಬ್ಬ ಅಂಗಡಿಯವರು ದಾರ ಕಟ್ಟಿ ತೂಗುಬಿಟ್ಟ ಲೈಟರಿಗೆ ಕೈ ಚಾಚುತ್ತಾನೆ. ಆ ಗುಂಪಿನಲ್ಲಿ ಯಾರಾದರೂ ‘ಬೇಡ ಗುರು, ಬಿಟ್ಟಿದೀನಿ’ ಅಂದರೆ ತಕ್ಷಣ ಬರುವ ಮಾತು: ‘ಒಂದೇ ಒಂದು ದಮ್ ಎಳಿ ಮಗಾ, ಏನೂ ಆಗಲ್ಲ.’

ಚಟ ಹತ್ತುವುದು ಹೀಗೆ ಜೊತೆಗಾರರ ನಡುವೆ, ಬೇರು ಬಿಡುವುದೂ ಅಲ್ಲೇ. ಬಿಡುವ ಹೊತ್ತಿಗೆ ಮಾತ್ರ ಮನುಷ್ಯ ಒಂಟಿ. ಮನೆಯಲ್ಲಿ ಬುದ್ಧಿಮಾತು, ಕಚೇರಿಯಲ್ಲಿ ತಮಾಷೆ, ಟೀ ಅಂಗಡಿಯಲ್ಲಿ ಒತ್ತಾಯ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 8.8ರಷ್ಟು ಮಂದಿ ಬೀಡಿ, ಸಿಗರೇಟು ಸೇದುತ್ತಿದ್ದರು. ಜಗಿಯುವ ತಂಬಾಕನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಶೇ 22.8. ದೇಶದ ಧೂಮಪಾನಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಿಡುವ ಯೋಚನೆಯಿದೆ ಎಂದು ಅದೇ ಸಮೀಕ್ಷೆಯಲ್ಲಿ ಹೇಳಿದ್ದರು. ಅಂದರೆ ಮನಸ್ಸು ಮಾಡುವವರಿಗೆ ಕೊರತೆಯಿಲ್ಲ, ಜೊತೆಗೆ ನಿಲ್ಲುವವರು ಬೇಕು. ಆ ಜೊತೆ ಎಲ್ಲೆಲ್ಲಿ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರಲಿ ಎಂದೇ ಈ ಪರಿಚಯ.

ಪ್ಯಾಕಿನ ಮೇಲಿರುವ ಸಂಖ್ಯೆ

2018ರ ಸೆಪ್ಟೆಂಬರ್‌ನಿಂದ ನಮ್ಮ ದೇಶದ ತಂಬಾಕು ಪೊಟ್ಟಣಗಳ ಮೇಲೆ, ಎಚ್ಚರಿಕೆಯ ಚಿತ್ರದ ಜೊತೆಗೆ ಒಂದು ದೂರವಾಣಿ ಸಂಖ್ಯೆ ಅಚ್ಚಾಗುತ್ತಿದೆ: 1800-11-2356. ಇದು ತಂಬಾಕು ಬಿಡಲು ನೆರವಾಗುವ ಸಹಾಯವಾಣಿ, ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್. 2016ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಶುರುವಾದ ಈ ಸೇವೆ 2018ರಲ್ಲಿ ವಿಸ್ತರಣೆಗೊಂಡಾಗ ಬೆಂಗಳೂರಿನ ನಿಮ್ಹಾನ್ಸ್ ದಕ್ಷಿಣ ಭಾರತದ ಕೇಂದ್ರವಾಯಿತು. ಕನ್ನಡ, ತಮಿಳು, ತೆಲುಗು, ಮಲಯಾಳ ಭಾಷೆಗಳಲ್ಲಿ ಇಲ್ಲಿಂದ ಮಾತನಾಡುತ್ತಾರೆ. ಒಂದೇ ಬೀದಿಯಲ್ಲಿ ಈ ನಾಲ್ಕೂ ಭಾಷೆ ಕೇಳಿಬರುವ ಕಲ್ಯಾಣ ನಗರ, ಕಮ್ಮನಹಳ್ಳಿಯಂಥ ಬಡಾವಣೆಗಳಿಗೆ ಇದು ದೊಡ್ಡ ಅನುಕೂಲ. ಕರೆ ಉಚಿತ.

ಕರೆ ಮಾಡಿದರೆ ಉಪದೇಶ ಕೇಳಬೇಕಾಗುತ್ತದೆ ಎಂದು ಹಿಂಜರಿಯುವವರಿದ್ದಾರೆ. ಅಲ್ಲಿ ನಡೆಯುವುದು ಬೇರೆ. ದಿನಕ್ಕೆ ಎಷ್ಟು ಸೇದುತ್ತೀರಿ, ಬೆಳಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಬೇಕಾಗುತ್ತದೆ, ಹಿಂದೆ ಬಿಡಲು ನೋಡಿದ್ದೀರಾ, ಮತ್ತೆ ಶುರುವಾದದ್ದು ಯಾವಾಗ ಎಂದು ಆಪ್ತಸಮಾಲೋಚಕರು ಕೇಳಿ ತಿಳಿದುಕೊಳ್ಳುತ್ತಾರೆ. ಎರಡನೆಯ ಪ್ರಶ್ನೆ ಬಹಳ ಮುಖ್ಯ. ಎದ್ದ ಐದು ನಿಮಿಷದೊಳಗೆ ಸೇದಲೇಬೇಕು ಅನ್ನುವವರಿಗೆ ನಿಕೋಟಿನ್ ಅವಲಂಬನೆ ಹೆಚ್ಚು, ಅವರಿಗೆ ಬೇಕಾಗುವ ನೆರವೂ ಹೆಚ್ಚು. ಆಮೇಲೆ ಬಿಡುವ ದಿನವೊಂದನ್ನು ನಿಗದಿ ಮಾಡುತ್ತಾರೆ. ಆ ದಿನ ಬಂದ ಮೇಲೆ ಅವರೇ ಮತ್ತೆ ಕರೆ ಮಾಡಿ ಹೇಗಿದ್ದೀರಿ ಎಂದು ವಿಚಾರಿಸುತ್ತಾರೆ. ಹಾಗೆ ವಿಚಾರಿಸುವ ಒಂದು ದನಿ ಇದೆ ಎನ್ನುವುದೇ ಈ ಸೇವೆಯ ಜೀವಾಳ.

ಈ ಸಂಖ್ಯೆ ತಲುಪಬೇಕಾದವರನ್ನು ತಲುಪದಿರಲು ಒಂದು ಕಾರಣವಿದೆ. ಟೀ ಅಂಗಡಿಯಲ್ಲಿ ಬಿಡಿಯಾಗಿ ಕೊಳ್ಳುವವರು ಪ್ಯಾಕನ್ನೇ ನೋಡುವುದಿಲ್ಲ. ಕರ್ನಾಟಕ ಸರ್ಕಾರ ಬಿಡಿ ಸಿಗರೇಟಿನ ಮಾರಾಟವನ್ನು 2017ರಲ್ಲೇ ನಿಷೇಧಿಸಿದ್ದರೂ ಅದು ನಿಂತಿಲ್ಲ. ಹುಕ್ಕಾಗೆ 2024ರಲ್ಲಿ ನಿಷೇಧ ಬಂತು. ತಂಬಾಕು ಕೊಳ್ಳುವ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸಿ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ 1,000 ರೂಪಾಯಿವರೆಗೆ ದಂಡ ವಿಧಿಸುವ ರಾಜ್ಯದ ತಿದ್ದುಪಡಿ ಕಾಯ್ದೆಗೆ 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. ಕಾನೂನು ಹೊಸಬರನ್ನು ತಡೆಯಬಲ್ಲದು. ಇಪ್ಪತ್ತು ವರ್ಷದಿಂದ ಸೇದುತ್ತಿರುವವರಿಗೆ ಬೇಕಾದದ್ದು ಆಸರೆ.

ಊದಿ ನೋಡುವ ಯಂತ್ರ

ಫೋನಿನಲ್ಲಿ ಮುಗಿಯದ್ದಕ್ಕೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕೇಂದ್ರ ಆರೋಗ್ಯ ಸಚಿವಾಲಯ 2002ರಲ್ಲಿ ದೇಶದಲ್ಲಿ ಮೊದಲ ಬಾರಿಗೆ ತಂಬಾಕು ಮುಕ್ತಿ ಚಿಕಿತ್ಸಾಲಯಗಳನ್ನು ತೆರೆದಾಗ ನಿಮ್ಹಾನ್ಸ್ ಅವುಗಳಲ್ಲಿ ಒಂದಾಗಿತ್ತು.

ಇಂಥ ಚಿಕಿತ್ಸಾಲಯಗಳಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದೊಂದು ಯಂತ್ರ ಬಳಸುತ್ತಾರೆ. ಉಸಿರು ಬಿಗಿಹಿಡಿದು ಹದಿನೈದರ ತನಕ ಎಣಿಸಿ, ರಟ್ಟಿನ ಕೊಳವೆಯಲ್ಲಿ ನಿಧಾನವಾಗಿ ಊದಬೇಕು. ಉಸಿರಿನಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಷ್ಟೆಂದು ಪರದೆಯ ಮೇಲೆ ಅಂಕಿ ಏರುತ್ತಾ ಹೋಗಿ ನಿಲ್ಲುತ್ತದೆ. ದಿನವಿಡೀ ಸೇದುವವರಲ್ಲಿ ಆ ಅಂಕಿ ಸುಲಭವಾಗಿ ಹತ್ತು ದಾಟುತ್ತದೆ. ಬಿಟ್ಟ ಒಂದೆರಡು ದಿನಕ್ಕೆ ಅದು ಸೇದದವರ ಮಟ್ಟಕ್ಕೆ ಇಳಿಯುತ್ತದೆ. ಅಷ್ಟು ಬೇಗ ಫಲ ಕಣ್ಣಿಗೆ ಕಂಡರೆ ಮನಸ್ಸಿಗೆ ಬರುವ ಧೈರ್ಯ ಸಣ್ಣದಲ್ಲ.

ಔಷಧಿಯೂ ಇದೆ. ನಿಕೋಟಿನ್ ಗಮ್ 2 ಮತ್ತು 4 ಮಿಲಿಗ್ರಾಂ ಪ್ರಮಾಣದಲ್ಲಿ ಸಿಗುತ್ತದೆ. ಭಾರತದ ಅಗತ್ಯ ಔಷಧಿಗಳ 2022ರ ಪಟ್ಟಿಯಲ್ಲಿ ನಿಕೋಟಿನ್ ಬದಲಿ ಚಿಕಿತ್ಸೆಗೂ ಜಾಗ ಸಿಕ್ಕಿದೆ. ಗಮ್ ಅನ್ನು ಚೂಯಿಂಗ್ ಗಮ್‌ನಂತೆ ಒಂದೇ ಸಮನೆ ಅಗಿಯಬಾರದು. ನಾಲಿಗೆ ಚುರುಗುಟ್ಟುವ ತನಕ ಅಗಿದು, ಕೆನ್ನೆಯ ಸಂದಿಯಲ್ಲಿ ಇಟ್ಟುಕೊಂಡು, ಚುರುಚುರು ಇಳಿದ ಮೇಲೆ ಮತ್ತೆ ಅಗಿಯಬೇಕು. ಕಾಫಿ ಕುಡಿದ ತಕ್ಷಣ ಬಾಯಿಗೆ ಹಾಕಿಕೊಂಡರೆ ನಿಕೋಟಿನ್ ಸರಿಯಾಗಿ ಹೀರಲ್ಪಡದೆ ಗಮ್ ವ್ಯರ್ಥ. ಹದಿನೈದು ನಿಮಿಷವಾದರೂ ತಡೆಯಬೇಕು. ಇವನ್ನೆಲ್ಲ ವೈದ್ಯರ ಸಲಹೆ ಪಡೆದೇ ಶುರುಮಾಡುವುದು ಒಳ್ಳೆಯದು.

ಬಿಟ್ಟವರ ಮಾತಿಗಿರುವ ತೂಕ

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಆರೋಗ್ಯ ಅಧ್ಯಯನದ ದಾಖಲೆಗಳಿಂದ 1971ರಿಂದ 2003ರವರೆಗೆ 12,067 ಜನರ ನಂಟು, ಸ್ನೇಹಗಳನ್ನು ಸಂಶೋಧಕರಾದ ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಬಿಡಿಸಿ ನೋಡಿದರು. ಅವರ ವರದಿ 2008ರಲ್ಲಿ ಪ್ರಕಟವಾಯಿತು. ಗಂಡ ಅಥವಾ ಹೆಂಡತಿ ಬಿಟ್ಟರೆ ಸಂಗಾತಿ ಸೇದುವ ಸಾಧ್ಯತೆ ಶೇ 67ರಷ್ಟು ಕಡಿಮೆ, ಸ್ನೇಹಿತ ಬಿಟ್ಟರೆ ಶೇ 36ರಷ್ಟು, ಸಣ್ಣ ಕಚೇರಿಯ ಸಹೋದ್ಯೋಗಿ ಬಿಟ್ಟರೆ ಶೇ 34ರಷ್ಟು ಕಡಿಮೆ. ಜನ ಗುಂಪು ಗುಂಪಾಗಿಯೇ ಬಿಡುತ್ತಿದ್ದರು. ಪುಸ್ತಕ ಓದಿಕೊಂಡು ಒಬ್ಬರೇ ಬಿಡಲು ಹೊರಟವರಿಗಿಂತ ಗುಂಪಿನಲ್ಲಿ ಕೂತು ಬಿಡುವವರು ಹೆಚ್ಚು ಯಶಸ್ವಿಯಾಗುತ್ತಾರೆ ಎಂಬುದನ್ನು ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯೂ ಹೇಳಿದೆ.

ಇದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಮೇಲ್ಪಂಕ್ತಿಯಿದೆ, ಅದು ಕುಡಿತದ ವಿಷಯದಲ್ಲಿ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ ಊರೂರುಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತವೆ. ಶಿಬಿರ ಮುಗಿಸಿದವರನ್ನು ಅಲ್ಲಿಗೇ ಕೈಬಿಡುವುದಿಲ್ಲ. ಪಾನಮುಕ್ತರಾದವರೆಲ್ಲ ಸೇರಿ ನವಜೀವನ ಸಮಿತಿ ಕಟ್ಟಿಕೊಳ್ಳುತ್ತಾರೆ, ಆಗಾಗ ಸಭೆ ಸೇರುತ್ತಾರೆ. ನೂರು ದಿನ ದಾಟಿದವರಿಗೆ ಶತದಿನೋತ್ಸವ. ಹೆಂಡತಿ, ಮಕ್ಕಳು, ಊರವರ ಎದುರು ಆ ನೂರು ದಿನಕ್ಕೆ ಮರ್ಯಾದೆ ಸಲ್ಲುತ್ತದೆ. ಮುಂದಿನ ಶಿಬಿರಕ್ಕೆ ಹೊಸಬರನ್ನು ಕರೆತರುವವರಲ್ಲಿ ಅವರೂ ಇರುತ್ತಾರೆ.

ಸಿಗರೇಟಿಗೂ ಇದೇ ದಾರಿ ಯಾಕಾಗಬಾರದು? 1982ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕುಡಿತ ಬಿಡುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಮಾದರಿಯಲ್ಲಿ ಹುಟ್ಟಿದ ನಿಕೋಟಿನ್ ಅನಾನಿಮಸ್ ಇದನ್ನೇ ಮಾಡುತ್ತಾ ಬಂದಿದೆ. ‘ಮೂರನೇ ದಿನ ಭಾರಿ ಕಷ್ಟ, ಎಲ್ಲರ ಮೇಲೂ ಸಿಡುಕುತ್ತೀಯ, ರಾತ್ರಿ ನಿದ್ದೆ ಬರಲ್ಲ, ಹಸಿವು ಜಾಸ್ತಿಯಾಗುತ್ತೆ, ಆದ್ರೆ ವಾರ ಕಳೆದ್ರೆ ಹಗುರಾಗುತ್ತೆ’ ಎಂದು ವೈದ್ಯರು ಹೇಳಿದರೆ ಅದು ಮಾಹಿತಿ. ಅದೇ ಮಾತನ್ನು ಪಕ್ಕದ ಮೇಜಿನ ಗೆಳೆಯ, ಹೋದ ತಿಂಗಳು ಅದನ್ನೆಲ್ಲ ದಾಟಿ ಬಂದವನು ಹೇಳಿದರೆ ಭರವಸೆ. ಮನೆಯವರ ಪ್ರೀತಿಗೆ ಕೊರತೆಯಿಲ್ಲದಿದ್ದರೂ ಆ ಭರವಸೆ ಕೊಡುವುದು ಅವರಿಗೆ ಕಷ್ಟ. ಆ ಚಡಪಡಿಕೆಯನ್ನು ಅವರು ಅನುಭವಿಸಿರುವುದಿಲ್ಲ.

ಮೂವರಿದ್ದರೆ ಸಾಕು

ಗುಂಪು ಕಟ್ಟಲು ಸಭಾಂಗಣ ಬೇಕಿಲ್ಲ. ಒಂದೇ ಕಚೇರಿಯ ಮೂವರು, ಒಂದೇ ಅಪಾರ್ಟ್‌ಮೆಂಟಿನ ನಾಲ್ವರು, ಎಚ್‌ಆರ್‌ಬಿಆರ್ ಬಡಾವಣೆಯ ಉದ್ಯಾನದಲ್ಲಿ ಬೆಳಗ್ಗೆ ವಾಕಿಂಗ್ ಬರುವ ಹಿರಿಯರು, ಒಂದೇ ಸ್ಟ್ಯಾಂಡಿನ ಆಟೊ ಚಾಲಕರು, ಯಾರಾದರೂ ಆದೀತು. ಅವರಲ್ಲಿ ಒಬ್ಬರಾದರೂ ಬಿಟ್ಟವರಿದ್ದರೆ ಒಳ್ಳೆಯದು. ಒಂದು ದಿನ ಗೊತ್ತುಮಾಡಿ ಒಟ್ಟಿಗೇ ಬಿಡಿ. ಹಿಂದಿನ ರಾತ್ರಿಯೇ ಲೈಟರ್, ಆ್ಯಶ್‌ಟ್ರೇ, ಬ್ಯಾಗಿನ ಮೂಲೆಯಲ್ಲಿ ಉಳಿದ ಪ್ಯಾಕು ಎಲ್ಲ ಕಸಕ್ಕೆ ಹೋಗಲಿ. ಟೀ ಸಮಯ ತಪ್ಪಿಸಬೇಡಿ, ಅಂಗಡಿ ಮಾತ್ರ ಬದಲಿಸಿ.

ಸೇದಬೇಕೆಂಬ ಹಪಹಪಿ ಅಲೆಯ ಹಾಗೆ ಎದ್ದು, ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಆ ನಿಮಿಷಗಳಿಗೆ ಸಮಾಲೋಚಕರು ಹೇಳಿಕೊಡುವ ಉಪಾಯ ನಾಲ್ಕು: ತಡ ಮಾಡಿ, ದೀರ್ಘ ಉಸಿರೆಳೆದುಕೊಳ್ಳಿ, ನೀರು ಕುಡಿಯಿರಿ, ಬೇರೆ ಕೆಲಸಕ್ಕೆ ಕೈ ಹಾಕಿ. ಗುಂಪಿನಲ್ಲಿದ್ದವರಿಗೆ ಐದನೆಯದೂ ಒಂದಿದೆ, ಜೊತೆಗಾರನಿಗೆ ಫೋನ್ ಮಾಡುವುದು. ಬಾಯಿಗೆ ಏನಾದರೂ ಬೇಕೆನಿಸಿದರೆ ಲವಂಗ, ಏಲಕ್ಕಿ, ಸೋಂಪು ಜೇಬಿನಲ್ಲಿರಲಿ. ಸಿಗರೇಟಿನ ಬದಲಿಗೆ ಗುಟ್ಕಾ, ಹೊಗೆಸೊಪ್ಪಿಗೆ ಹೊರಳಿದರೆ ತಂಬಾಕು ಬಿಟ್ಟಂತಾಗುವುದಿಲ್ಲ.

ಯಾರಾದರೂ ಜಾರಿದರೆ ಅವರನ್ನು ಹೀಯಾಳಿಸಬಾರದು, ಗುಂಪಿನಿಂದ ಹೊರಗಿಡಲೂ ಬಾರದು. ಬಿಟ್ಟವರಲ್ಲಿ ಹೆಚ್ಚಿನವರು ಮೊದಲ ಪ್ರಯತ್ನಕ್ಕೇ ಬಿಟ್ಟವರಲ್ಲ. ಎಲ್ಲಿ ಜಾರಿದೆ, ಯಾರ ಜೊತೆಯಲ್ಲಿ, ಯಾವ ಹೊತ್ತಿನಲ್ಲಿ ಎಂದು ಒಟ್ಟಿಗೆ ಕೂತು ವಿಚಾರಿಸಿ ಮತ್ತೊಂದು ದಿನ ಗೊತ್ತುಮಾಡಬೇಕು. ಬಿಟ್ಟ ಒಂದು ವರ್ಷಕ್ಕೆ ಹೃದ್ರೋಗದ ಅಪಾಯ ಸೇದುವವರಿಗಿಂತ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎಷ್ಟನೇ ಪ್ರಯತ್ನದಲ್ಲಿ ಬಿಟ್ಟಿರಿ ಎಂದು ಹೃದಯ ಕೇಳುವುದಿಲ್ಲ.

ಈಗಾಗಲೇ ಬಿಟ್ಟಿರುವವರಲ್ಲಿ ನನ್ನದೊಂದು ವಿನಂತಿ. ಹಲವರು ಸದ್ದಿಲ್ಲದೆ ಬಿಟ್ಟು ಸುಮ್ಮನಾಗಿಬಿಡುತ್ತಾರೆ, ಹೇಳಿಕೊಂಡರೆ ದೊಡ್ಡಸ್ತಿಕೆಯಾದೀತು ಎಂಬ ಸಂಕೋಚ. ದಯವಿಟ್ಟು ಹೇಳಿಕೊಳ್ಳಿ. ನಿಮ್ಮ ಕಚೇರಿಯಲ್ಲಿ, ನಿಮ್ಮ ಬೀದಿಯಲ್ಲಿ ಬಿಡಬೇಕೆಂದು ಒಳಗೊಳಗೇ ತೊಳಲಾಡುತ್ತಿರುವವರು ಒಬ್ಬರಾದರೂ ಇದ್ದಾರೆ. ‘ನಾನೂ ಬಿಟ್ಟಿದ್ದೀನಿ, ಕಷ್ಟವಾದಾಗ ಯಾವ ಹೊತ್ತಿಗಾದರೂ ಫೋನ್ ಮಾಡು’ ಎಂದು ಈ ವಾರವೇ ಅವರಿಗೆ ಹೇಳಿ. ಫೋನ್ ಬಂದಾಗ ಎತ್ತಿಕೊಳ್ಳಿ.