ಇಬ್ಬರು ಹೊಸಬರು, ಹನ್ನೊಂದು ಹಾಡು

ಮನೆಗೆ ಹೊಸ ಸೊಸೆ ಬಂದ ಮೇಲೆ ಸಾರಿನ ರುಚಿ ಸ್ವಲ್ಪ ಬದಲಾಗೋದು ಸಹಜ. ಕೆಲವರು ಮೂಗು ಮುರೀತಾರೆ, ಕೆಲವರು ಎರಡನೇ ಸಲ ಬಡಿಸಿಕೊಳ್ತಾರೆ. ರಾಕ್ ಬ್ಯಾಂಡ್‌ಗಳ ಕಥೆಯೂ ಹೆಚ್ಚುಕಮ್ಮಿ ಹೀಗೇ. ಹಳಬರು ಹೋಗಿ ಹೊಸಬರು ಬಂದರೆ ಅಭಿಮಾನಿಗಳಿಗೆ ಅನುಮಾನ ಶುರು. ಆದರೆ ಹೊಸಬರಿಂದಲೇ ಮರುಜೀವ ಪಡೆದ ತಂಡವೂ ಇದೆ. ಅದರ ಹೆಸರು ಫ್ಲೀಟ್‌ವುಡ್ ಮ್ಯಾಕ್.

1967ರಲ್ಲಿ ಲಂಡನ್‌ನಲ್ಲಿ ಗಿಟಾರ್ ವಾದಕ ಪೀಟರ್ ಗ್ರೀನ್ ಕಟ್ಟಿದ ತಂಡವಿದು. ಹೆಸರು ಇಟ್ಟಿದ್ದು ಮಾತ್ರ ಡ್ರಮ್ಸ್ ನುಡಿಸುವ ಮಿಕ್ ಫ್ಲೀಟ್‌ವುಡ್ ಮತ್ತು ಬಾಸ್ ಗಿಟಾರಿನ ಜಾನ್ ಮ್ಯಾಕ್‌ವೀ ಅವರದ್ದು. 1970ರಲ್ಲಿ ಗ್ರೀನ್ ಹೊರನಡೆದರು. ಆಮೇಲೆ ಗಿಟಾರ್ ವಾದಕರು ಒಬ್ಬೊಬ್ಬರಾಗಿ ಬಂದರು, ಹೋದರು. 1974ರಲ್ಲಂತೂ ತಂಡದ ಮ್ಯಾನೇಜರ್, ಆ ಹೆಸರು ತನ್ನದೇ ಎಂದು ಬೇರೆ ವಾದಕರನ್ನು ಸೇರಿಸಿ ಅಮೆರಿಕ ಪ್ರವಾಸಕ್ಕೆ ಕಳಿಸಿಬಿಟ್ಟ! ವಿಷಯ ಕೋರ್ಟ್ ಮೆಟ್ಟಿಲೇರಿತು. ಅದೇ ವರ್ಷ ತಂಡ ಲಾಸ್ ಏಂಜಲೀಸ್‌ಗೆ ಬಂದು ನೆಲೆಸಿತು. ವರ್ಷದ ಕೊನೆಗೆ ಗಿಟಾರ್ ವಾದಕ ಬಾಬ್ ವೆಲ್ಶ್ ಕೂಡ ಬಿಟ್ಟು ಹೋದರು. ಉಳಿದವರು ಮೂವರೇ. ಫ್ಲೀಟ್‌ವುಡ್, ಜಾನ್, ಮತ್ತು ಜಾನ್ ಪತ್ನಿ, ಕೀಬೋರ್ಡ್ ನುಡಿಸಿ ಹಾಡುತ್ತಿದ್ದ ಕ್ರಿಸ್ಟೀನ್.

ಆ ಹೊತ್ತಿಗೆ ಮುಂದಿನ ಆಲ್ಬಂಗೆಂದು ಫ್ಲೀಟ್‌ವುಡ್ ‘ಸೌಂಡ್ ಸಿಟಿ’ ಎಂಬ ಸ್ಟುಡಿಯೊ ನೋಡಿ ಬಂದಿದ್ದರು. ಅಲ್ಲಿನ ರೆಕಾರ್ಡಿಂಗ್ ಹೇಗಿರುತ್ತೆ ಅಂತ ತೋರಿಸಲು ಪ್ರೊಡ್ಯೂಸರ್ ಕೀತ್ ಓಲ್ಸನ್ ಒಂದು ಹಾಡು ಕೇಳಿಸಿದ್ದರು. ಅದು 1973ರಲ್ಲಿ ಬಂದು, ಅಷ್ಟಾಗಿ ಮಾರಾಟವಾಗದೆ ಹೋಗಿದ್ದ ‘ಬಕಿಂಗ್‌ಹ್ಯಾಮ್ ನಿಕ್ಸ್’ ಆಲ್ಬಂನದು. ಅದರಲ್ಲಿನ ಗಿಟಾರ್ ಫ್ಲೀಟ್‌ವುಡ್ ತಲೆಯಲ್ಲಿ ಕೂತುಬಿಟ್ಟಿತು. ವೆಲ್ಶ್ ಹೋದದ್ದೇ ತಡ, ಲಿಂಡ್ಸೆ ಬಕಿಂಗ್‌ಹ್ಯಾಮ್‌ಗೆ ಕರೆ ಹೋಯಿತು.

ಬಕಿಂಗ್‌ಹ್ಯಾಮ್ ಪಟ್ಟು ಹಿಡಿದರು. ಸಂಗಾತಿ ಸ್ಟೀವಿ ನಿಕ್ಸ್ ಇಲ್ಲದೆ ತಾವೂ ಇಲ್ಲ! ನಿಕ್ಸ್ ಆಗ ಹೋಟೆಲಿನಲ್ಲಿ ಟೇಬಲ್ ನೋಡಿಕೊಳ್ಳುವ ಕೆಲಸ ಮಾಡಿ ಸಂಸಾರ ತೂಗಿಸುತ್ತಿದ್ದರು. ತಂಡದಲ್ಲಿದ್ದ ಹೆಣ್ಣು ಕ್ರಿಸ್ಟೀನ್ ಒಬ್ಬರೇ. ಇನ್ನೊಬ್ಬಳು ಬಂದರೆ ಹೊಂದಿಕೆಯಾಗುತ್ತಾ? ಆ ತೀರ್ಮಾನವನ್ನು ಅವರಿಗೇ ಬಿಟ್ಟರು. ಐವರೂ ಒಟ್ಟಿಗೆ ಊಟಕ್ಕೆ ಕೂತರು. ಆಡಿಷನ್ ಅಂತ ಏನೂ ನಡೆಯಲಿಲ್ಲ. ಆ ಊಟದಲ್ಲೇ ಕೆಲಸ ಮುಗಿಯಿತು.

1975ರ ಆರಂಭದಲ್ಲಿ ರೆಕಾರ್ಡಿಂಗ್. ಎಲ್ಲವೂ ಸಲೀಸಾಗಿ ನಡೆಯಿತು ಅಂದ್ಕೋಬೇಡಿ. ಯಾರು ಏನು ನುಡಿಸಬೇಕು ಅಂತ ಬಕಿಂಗ್‌ಹ್ಯಾಮ್ ಹೇಳಿಕೊಡಲು ಹೋದಾಗ, ತಂಡದ ಹೆಸರಿನಲ್ಲೇ ಇರುವ ಜಾನ್‌ಗೆ ಅದು ರುಚಿಸಲಿಲ್ಲ. ಅತ್ತ ಬಕಿಂಗ್‌ಹ್ಯಾಮ್ ಕೂಡ ತಂಡದ ನಾದಕ್ಕೆ ಒಗ್ಗಲೆಂದು ತಮ್ಮ ಪ್ರೀತಿಯ ಗಿಟಾರ್ ಬದಲಿಸಬೇಕಾಯಿತು.

ಆದರೆ ಆಲ್ಬಂನ ಹಾಡುಗಳನ್ನು ಎಣಿಸಿ ನೋಡಿ. ಒಟ್ಟು 11. ಅದರಲ್ಲಿ ಹೊಸಬರು ಬರೆದದ್ದು 5, ಕ್ರಿಸ್ಟೀನ್ ಬರೆದದ್ದು 4, ಕ್ರಿಸ್ಟೀನ್ ಮತ್ತು ಬಕಿಂಗ್‌ಹ್ಯಾಮ್ ಕೂಡಿ ಬರೆದದ್ದು 1, ಹೊರಗಿನವರದ್ದು 1. ನಿನ್ನೆ ಮೊನ್ನೆ ಬಂದವರಿಗೆ ಇಷ್ಟು ಜಾಗ ಬಿಟ್ಟುಕೊಡೋದು ಸಣ್ಣ ಮಾತಲ್ಲ. ನಿಕ್ಸ್ ಅವರ ‘ರಿಯಾನನ್’ ಮತ್ತು ‘ಲ್ಯಾಂಡ್‌ಸ್ಲೈಡ್’ ಎರಡೂ ತಂಡ ಸೇರುವ ಮೊದಲೇ ಬರೆದವು. ಅವನ್ನು ಜಗತ್ತು ಕೇಳಿದ್ದು ಈ ಮನೆಯಿಂದ.

ತಂಡಕ್ಕೆ ಇದು ಹತ್ತನೇ ಸ್ಟುಡಿಯೊ ಆಲ್ಬಂ. ಆದರೂ ಮೊದಲ ಆಲ್ಬಂ ಹಾಗೆ ಬರೀ ‘ಫ್ಲೀಟ್‌ವುಡ್ ಮ್ಯಾಕ್’ ಅಂತಲೇ ಹೆಸರಿಟ್ಟರು. 1975ರ ಜುಲೈನಲ್ಲಿ ಬಿಡುಗಡೆ. ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದಿದ್ದು 1976ರ ಸೆಪ್ಟೆಂಬರ್‌ನಲ್ಲಿ, ಅಂದರೆ ವರ್ಷ ಕಳೆದ ಮೇಲೆ! ಅಲ್ಲಿಯವರೆಗೆ ಊರೂರು ಸುತ್ತಿ ಹಾಡಿದ್ದೇ ಹಾಡಿದ್ದು. ಇದೇ ಐವರು 1977ರಲ್ಲಿ ತಂದ ‘ರೂಮರ್ಸ್’ ಗ್ರ್ಯಾಮಿ ಗೆದ್ದಿತು, ಕೋಟಿಗಟ್ಟಲೆ ಮಾರಾಟವಾಯಿತು.

ಹೊಸಬರಿಗೆ ಜಾಗ ಕೊಟ್ಟರೆ ಹಳಬರ ಗುರುತು ಅಳಿದುಹೋಗುತ್ತೆ ಅನ್ನೋ ಭಯ ಎಲ್ಲ ಕಡೆಯೂ ಇರೋದೇ. ಬಿಡುವಾದಾಗ ಈ ಆಲ್ಬಂನ ‘ಸೇ ಯು ಲವ್ ಮಿ’ ಕೇಳಿ. ಹಾಡು ಕ್ರಿಸ್ಟೀನ್ ಅವರದ್ದು. ಅವರ ದನಿಗೆ ಹೊಸಬರ ದನಿ ಜೊತೆಗೂಡಿದೆ. ಕೆಳಗೆ ತಾಳ ಹಿಡಿದು ಕೂತಿರುವವರು ಮಾತ್ರ 1967ರ ಅದೇ ಇಬ್ಬರು.