ಹಗ್ಗ ತಡೆದ ಮೇಲೆ ಏನು?

ಚೆನ್ನೈನ ಮಣಲಿಯಲ್ಲಿ ಹತ್ತುವುದಕ್ಕೆ ಬಂಡೆಯೇ ಇಲ್ಲ. ಸಪಾಟು ನೆಲ, ತಲೆಯೆತ್ತಿ ನೋಡಿದರೆ ಸಿಪಿಸಿಎಲ್ ರಿಫೈನರಿಯ ಗೋಪುರಗಳು, ಚಿಮಣಿಗಳು. ಬಂಡೆಯ ಹುಚ್ಚಿರುವವರು ರಾಮನಗರಕ್ಕೋ ಸಾವನದುರ್ಗಕ್ಕೋ ಬಾದಾಮಿಗೋ ಬರಬೇಕು. ಆದರೂ ಆ ಗೋಪುರಗಳಲ್ಲಿ ಮೈಗೆ ಹಾರ್ನೆಸ್ ಪಟ್ಟಿ ಕಟ್ಟಿಕೊಂಡು ಎತ್ತರದಲ್ಲಿ ಕೆಲಸ ಮಾಡುವವರಿಗೂ ಬಂಡೆ ಹತ್ತುವವರಿಗೂ ಒಂದು ನಂಬಿಕೆ ಸಮಾನ: ಬಿದ್ದಾಗ ಹಗ್ಗ ತಡೆಯಿತೋ, ಗಂಡಾಂತರ ಕಳೆಯಿತು, ಯಾರಾದರೂ ಬರುವವರೆಗೆ ನೇತಾಡುತ್ತಿದ್ದರಾಯಿತು.

ಇದರಲ್ಲಿ ಅರ್ಧ ಮಾತ್ರ ನಿಜ. ನಿಂತು ನಡೆದಾಡುವಾಗ ಕಾಲಿನ ಸ್ನಾಯುಗಳು ರಕ್ತವನ್ನು ಹಿಂಡಿ ಹಿಂಡಿ ಹೃದಯದ ಕಡೆಗೆ ದೂಡುತ್ತಿರುತ್ತವೆ. ಹಾರ್ನೆಸ್ಸಿನಲ್ಲಿ ಅಲ್ಲಾಡದೆ ಜೋತುಬಿದ್ದರೆ ಈ ಕೆಲಸ ನಿಂತು, ರಕ್ತ ಕಾಲಲ್ಲೇ ಮಡುಗಟ್ಟುತ್ತದೆ. ಮೊದಲು ಬೆವರು, ವಾಕರಿಕೆ. ಆಮೇಲೆ ಕಣ್ಣು ಕತ್ತಲೆ. ನೆಲದ ಮೇಲೆ ತಲೆ ತಿರುಗಿದವನು ಕುಸಿದು ಮಲಗುತ್ತಾನೆ, ರಕ್ತ ತಲೆಗೆ ಮರಳುತ್ತದೆ. ಹಗ್ಗದಲ್ಲಿರುವವನಿಗೆ ಕುಸಿದು ಬೀಳುವ ಭಾಗ್ಯವೂ ಇಲ್ಲ. ಪ್ರಯೋಗಗಳಲ್ಲಿ ಗಟ್ಟಿಮುಟ್ಟಾದ ಆರೋಗ್ಯವಂತರೇ ಕೆಲವು ನಿಮಿಷಗಳಲ್ಲಿ ಮೂರ್ಛೆಯ ಅಂಚಿಗೆ ಬಂದದ್ದುಂಟು. ಆದ್ದರಿಂದ ಸ್ವಯಂರಕ್ಷಣೆಯ ಮೊದಲ ಪಾಠ ಕಾಲಿಗೆ ಆಧಾರ ಒದಗಿಸುವುದು. ಕುಣಿಕೆಯೊಂದನ್ನು ಹಗ್ಗಕ್ಕೆ ಸಿಕ್ಕಿಸಿ, ಅದರಲ್ಲಿ ಪಾದವಿಟ್ಟು ಆಗಾಗ ಎದ್ದು ನಿಲ್ಲಬೇಕು. ಬಂಡೆ ಎಟುಕಿದರೆ ಪಾದ ಒತ್ತಿ ಕಾಲಾಡಿಸುತ್ತಿರಬೇಕು.

ಇದರ ಬಾಲಕ್ಕೆ ಇನ್ನೊಂದು ತಪ್ಪು ತಿಳಿವಳಿಕೆ ಅಂಟಿಕೊಂಡಿದೆ. ಕೆಳಗಿಳಿಸಿದವನನ್ನು ಮಲಗಿಸಬಾರದು, ಮಲಗಿಸಿದರೆ ಕಾಲಿನ ರಕ್ತ ಒಮ್ಮೆಲೇ ನುಗ್ಗಿ ಹೃದಯ ನಿಲ್ಲುತ್ತದೆ, ಅರ್ಧ ಗಂಟೆ ಕೂರಿಸಿಯೇ ಇಡಬೇಕು ಎನ್ನುತ್ತಾರೆ. ವರ್ಷಗಟ್ಟಲೆ ತರಬೇತಿಗಳಲ್ಲೂ ಹೀಗೇ ಹೇಳಿಕೊಟ್ಟರು. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆ 2009ರಲ್ಲಿ ಇದನ್ನು ಕೂಲಂಕಷವಾಗಿ ಪರಿಶೀಲಿಸಿತು; ಕೂರಿಸಬೇಕೆನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಮಲಗಿಸಿ, ಉಸಿರು ನೋಡಿ, ಮಾಮೂಲು ಪ್ರಥಮ ಚಿಕಿತ್ಸೆ ಮಾಡಿ. ಪ್ರಜ್ಞೆ ತಪ್ಪಿದವನನ್ನು ಕೂರಿಸಿಡುವುದೇ ನಿಜವಾದ ಅಪಾಯ.

ಹೆಲಿಕಾಪ್ಟರ್ ಬರುತ್ತದಲ್ಲ ಎಂಬ ಧೈರ್ಯಕ್ಕೆ ಉತ್ತರವಾಗಿ 2022ರ ಫೆಬ್ರವರಿಯೊಂದೇ ಸಾಕು. ನಂದಿಬೆಟ್ಟದಲ್ಲಿ ಸುಮಾರು 300 ಅಡಿ ಜಾರಿ ಸಿಕ್ಕಿಕೊಂಡ ವಿದ್ಯಾರ್ಥಿಯನ್ನು ಯಲಹಂಕದಿಂದ ಬಂದ ವಾಯುಪಡೆಯ ಹೆಲಿಕಾಪ್ಟರ್ ಎತ್ತಿಕೊಂಡಿತು, ನಿಜ. ಆದರೆ ಅದೇ ತಿಂಗಳು ಕೇರಳದ ಮಲಂಪುಳದಲ್ಲಿ ಬಂಡೆಯ ಸಂದಿಯಲ್ಲಿ ಸಿಕ್ಕಿಬಿದ್ದ ಯುವಕನ ಹತ್ತಿರ ಕರಾವಳಿ ರಕ್ಷಣಾ ಪಡೆಯ ಹೆಲಿಕಾಪ್ಟರ್ ಸುಳಿಯಲಾಗಲಿಲ್ಲ. ಅವನು ಅನ್ನ ನೀರಿಲ್ಲದೆ ಎರಡು ರಾತ್ರಿ ಕಳೆದ ಮೇಲೆ ಸೇನೆಯವರು ಮೇಲಿನಿಂದ ಹಗ್ಗದಲ್ಲಿ ಇಳಿದು ಎತ್ತಿಕೊಂಡರು. ಅವನಿಗೆ ಕೂರಲು ಜಾಗವಿತ್ತು. ಹಾರ್ನೆಸ್ಸಿನಲ್ಲಿ ತೂಗುತ್ತಿದ್ದರೆ ಎರಡು ದಿನದ ಮಾತಿರಲಿ, ಎರಡು ಗಂಟೆಯೂ ಹೆಚ್ಚು.

ಕಾಯುವ ಬದಲು ತಾನೇ ಹಗ್ಗ ಹತ್ತಿ ಪಾರಾಗಬಹುದು. 'ಅದಕ್ಕೆ ತೋಳ್ಬಲ ಬೇಕು' ಎನ್ನುವವರು ಪ್ರೂಸಿಕ್ ಗಂಟನ್ನು ನೋಡಿಲ್ಲ. ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ 1931ರಲ್ಲಿ ಪರಿಚಯಿಸಿದ ಗಂಟು ಇದು. 6 ಮಿಲಿಮೀಟರ್ ಹುರಿಯ ಕುಣಿಕೆಯನ್ನು ದಪ್ಪ ಹಗ್ಗಕ್ಕೆ ಮೂರು ಸುತ್ತು ಸುತ್ತಿ ಅದರೊಳಗಿಂದಲೇ ಹೊರಗೆಳೆದರೆ ಮುಗಿಯಿತು. ಸಡಿಲವಿದ್ದಾಗ ಜಾರುತ್ತದೆ, ಭಾರ ಬಿದ್ದೊಡನೆ ಕಚ್ಚುತ್ತದೆ. ಒಂದು ಸೊಂಟಕ್ಕೆ, ಇನ್ನೊಂದು ಪಾದಕ್ಕೆ. ಪಾದದ ಕುಣಿಕೆಯಲ್ಲಿ ಎದ್ದು ನಿಂತು ಸೊಂಟದ್ದನ್ನು ಮೇಲೆ ಸರಿಸಿ. ಕೂತು ಪಾದದ್ದನ್ನು ಸರಿಸಿ. ಕೆಲಸವೆಲ್ಲ ಕಾಲಿನದು. ಆದರೆ ಕಷ್ಟ ಬಂದಾಗ ಕಟ್ಟಿದರಾಯಿತು ಎಂದುಕೊಳ್ಳಬೇಡಿ. 1985ರಲ್ಲಿ ಪೆರುವಿನ ಸಿಯುಲಾ ಗ್ರಾಂದೆ ಶಿಖರದಲ್ಲಿ ಕಾಲು ಮುರಿದು ಹಗ್ಗದಲ್ಲಿ ತೂಗುತ್ತಿದ್ದ ಪರ್ವತಾರೋಹಿ ಜೋ ಸಿಂಪ್ಸನ್ ಇದೇ ಉಪಾಯಕ್ಕೆ ಕೈ ಹಾಕಿದ್ದರು. ಹಿಮಕ್ಕೆ ಮರಗಟ್ಟಿದ ಬೆರಳುಗಳಿಂದ ಒಂದು ಹುರಿ ಜಾರಿ ಬಿತ್ತು, ಹತ್ತುವ ದಾರಿ ಅಲ್ಲಿಗೇ ಮುಚ್ಚಿತು.

ರಕ್ಷಣೆ ಎಂದರೆ ರಾಟೆ ಹೂಡಿ ಗೆಳೆಯನನ್ನು ಮೇಲಕ್ಕೆಳೆಯುವುದು ಎಂಬ ಚಿತ್ರ ಸಿನಿಮಾದ್ದು. ಕ್ಯಾರಬೀನರು ಎಂಬ ಲೋಹದ ಕೊಂಡಿಗಳ ಉಜ್ಜಾಟದಲ್ಲೇ ನಿಮ್ಮ ಬಲ ಕರಗಿಹೋಗುತ್ತದೆ. ಹಗ್ಗ ಸಾಲುವುದಾದರೆ ಕೆಳಗಿಳಿಸಿ, ಅಷ್ಟೇ. ಸಾಲದಿದ್ದರೆ ಬಿಲೇ ಹಿಡಿದವನು, ಅಂದರೆ ಹತ್ತುವವನ ಹಗ್ಗ ಕಾಯುವವನು, ಗಂಟು ಹಾಕಿ ಕೈ ಬಿಡಿಸಿಕೊಂಡು, ಭಾರವನ್ನು ಬಂಡೆಗೆ ಬಿಗಿದ ಆ್ಯಂಕರಿಗೆ ವರ್ಗಾಯಿಸುವುದನ್ನು ಬಲ್ಲವನಾಗಿರಬೇಕು.

ಇಳಿಯುವುದು ಸುಲಭ ಎನ್ನುವವರಿಗೆ ಒಂದೇ ಹೆಸರು. ಹಗ್ಗವಿಲ್ಲದೆ ಬಂಡೆ ಹತ್ತಿ ಹೆಸರಾದ ಬ್ರಾಡ್ ಗೋಬ್ರೈಟ್ 2019ರಲ್ಲಿ ಮೆಕ್ಸಿಕೋದಲ್ಲಿ ಸತ್ತದ್ದು ಹತ್ತುವಾಗಲ್ಲ, ಹಗ್ಗದಲ್ಲಿ ಇಳಿಯುವಾಗ. ಹಗ್ಗದ ತುದಿಗೆ ತಡೆಗಂಟು ಇರಲಿಲ್ಲ.

ಇದನ್ನು ಓದಿ ನೇರ ಸಾವನದುರ್ಗಕ್ಕೆ ಹೊರಡಬೇಡಿ. ಬೆಂಗಳೂರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಕಡೆ ಬಲ್ಲವರ ಕಣ್ಣೆದುರಿಗೇ ಕಲಿಯಿರಿ. ನೆಲದಿಂದ ಒಂದಡಿ ಮೇಲೆ ತೂಗಿಕೊಂಡು, ಕತ್ತಲಲ್ಲೂ ಒಂದೇ ಕೈಯಲ್ಲೂ ಗಂಟು ಬೀಳುವ ತನಕ ಅಭ್ಯಾಸ ಮಾಡಿ. ಹುರಿಯ ಕುಣಿಕೆಗಳೆರಡು ಹಾರ್ನೆಸ್ಸಿನಲ್ಲೇ ಇರಲಿ, ಬ್ಯಾಗಿನಲ್ಲಲ್ಲ.