ಮಕ್ಕಳ ಸ್ಕೇಟ್‌ಬೋರ್ಡ್: ಒಳ್ಳೆಯ ಅಂಗಡಿಯನ್ನು ಗುರುತಿಸುವ ಬಗೆ

ಆಡಬೇಕೆಂಬ ಬಯಕೆ ಮಗುವಿಗೆ ಹಸಿವು ನಿದ್ರೆಗಳಷ್ಟೇ ಸಹಜವಾದುದು. ಊರಿನಲ್ಲಿ ಮನೆಯಂಗಳ, ಗದ್ದೆಯ ಬದು, ದೇವಸ್ಥಾನದ ಮುಂದಿನ ಬಯಲು ಈ ಬಯಕೆಯನ್ನು ತಾವಾಗಿಯೇ ಪೂರೈಸುತ್ತಿದ್ದವು. ಉದ್ಯೋಗನಿಮಿತ್ತ ಕೊಚ್ಚಿ, ತಿರುವನಂತಪುರಗಳಿಗೆ ಬಂದು ನೆಲೆಸಿದ ನಮ್ಮ ಕುಟುಂಬಗಳ ಮಕ್ಕಳಿಗೆ ಆ ಅನುಕೂಲ ಕಡಿಮೆ. ಬಹುಮಹಡಿ ಕಟ್ಟಡದ ಕೆಳಗೆ ವಾಹನಗಳನ್ನು ನಿಲ್ಲಿಸಿ ಉಳಿದ ನಾಲ್ಕು ಗಜ ಸಿಮೆಂಟು ನೆಲವೇ ಅವರ ಪಾಲಿನ ಬಯಲು. ಈ ನೆಲಕ್ಕೆ ಒಪ್ಪುವ ಆಟವೆಂದೇ ಏನೋ, ಇತ್ತೀಚೆಗೆ ಅನೇಕ ಮಕ್ಕಳು ಸ್ಕೇಟ್‌ಬೋರ್ಡ್ ಬೇಕೆಂದು ಹಟ ಹಿಡಿಯುವುದನ್ನು ಕಾಣುತ್ತೇವೆ.

ಈ ಹಟಕ್ಕೆ ಕಾರಣವಿಲ್ಲದೆ ಇಲ್ಲ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸ್ಕೇಟ್‌ಬೋರ್ಡಿಂಗ್ ಮೊದಲ ಬಾರಿಗೆ ಸ್ಥಾನ ಪಡೆಯಿತು. ಅಲ್ಲಿ ಮಹಿಳೆಯರ ‘ಸ್ಟ್ರೀಟ್’ ವಿಭಾಗದ ಚಿನ್ನವನ್ನು ಗೆದ್ದ ಜಪಾನಿನ ಮೊಮಿಜಿ ನಿಷಿಯಾಗೆ ಆಗ ಕೇವಲ 13 ವರ್ಷ. ಬೆಳ್ಳಿ ಗೆದ್ದ ಬ್ರೆಜಿಲ್‌ನ ರೈಸಾ ಲಿಯಾಲ್‌ಗೂ ಅಷ್ಟೇ ವಯಸ್ಸು. ಮರುವರ್ಷ ಗುಜರಾತಿನಲ್ಲಿ ಜರುಗಿದ ನಮ್ಮ ರಾಷ್ಟ್ರೀಯ ಕ್ರೀಡಾಕೂಟದಲ್ಲಿಯೂ ಈ ಸ್ಪರ್ಧೆ ಇತ್ತು.

ಮಗುವಿನ ಬೇಡಿಕೆಗೆ ತಾಯಿತಂದೆಯರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಉತ್ತರಿಸುತ್ತಾರೆ. ಕೈಕಾಲು ಮುರಿದೀತೆಂದು ಹೆದರಿ ಬೇಡವೆನ್ನುವವರು ಕೆಲವರು. ಹಟ ನಿಂತರೆ ಸಾಕೆಂದು ಹತ್ತಿರದ ಆಟಿಕೆಯಂಗಡಿಯಲ್ಲಿ ಬಣ್ಣದ ಹಲಗೆಯೊಂದನ್ನು ಕೊಂಡು ಕೊಡುವವರು ಇನ್ನು ಕೆಲವರು. ಎರಡನೆಯವರ ಮಗುವೇ ಹೆಚ್ಚು ಅಪಾಯದಲ್ಲಿದೆ. ಸ್ಕೇಟ್‌ಬೋರ್ಡ್ ಕೊಳ್ಳುವುದು ವ್ಯಾಪಾರದ ವಿಷಯವಾದಷ್ಟೇ ಆರೋಗ್ಯದ ವಿಷಯವೂ ಹೌದು. ಆದ್ದರಿಂದ ಅಂಗಡಿಯ ಆಯ್ಕೆಯನ್ನು ಕುರಿತು ಇಲ್ಲಿ ಸ್ವಲ್ಪ ವಿವರವಾಗಿ ವಿಚಾರ ಮಾಡಲಾಗಿದೆ.

ಚಕ್ರದ ಕಥೆ

ಕಡಲಿನಲ್ಲಿ ಅಲೆಗಳಿಲ್ಲದ ದಿನಗಳಲ್ಲಿ ನೆಲದ ಮೇಲೆಯೇ ತೇಲಿದ ಸುಖವನ್ನು ಪಡೆಯಬೇಕೆಂದು ಅಮೆರಿಕದ ಕ್ಯಾಲಿಫೋರ್ನಿಯಾದ ಸರ್ಫಿಂಗ್ ಪ್ರಿಯರು 1950ರ ದಶಕದಲ್ಲಿ ಬೆಳೆಸಿದ ಆಟವಿದು. ಆರಂಭದಲ್ಲಿ ಹಲಗೆಗೆ ಉಕ್ಕಿನ ಚಕ್ರಗಳಿದ್ದವು. ಅನಂತರ ಜೇಡಿಮಣ್ಣಿನ ಮಿಶ್ರಣದಿಂದ ಮಾಡಿದವು ಬಂದವು. ಇವು ಬಹಳ ಗಡಸು. ಹಾದಿಯಲ್ಲಿ ಒಂದು ಸಣ್ಣ ಕಲ್ಲು ಸಿಕ್ಕಿದರೆ ಚಕ್ರ ಥಟ್ಟನೆ ನಿಲ್ಲುತ್ತಿತ್ತು, ಆಡುವವನು ಮುಂದಕ್ಕೆ ಎಸೆಯಲ್ಪಡುತ್ತಿದ್ದನು. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನಾಸ್ವರ್ದಿ ಎಂಬ ತರುಣನು ಪಾಲಿಯುರಿಥೇನ್ ಎಂಬ ವಸ್ತುವಿನ ಚಕ್ರಗಳನ್ನು ಸ್ಕೇಟ್‌ಬೋರ್ಡಿಗೆ ಅಳವಡಿಸಿದ ಮೇಲೆ ಆಟದ ಸ್ವರೂಪವೇ ಬದಲಾಯಿತು. ಈ ಚಕ್ರ ನೆಲವನ್ನು ಹಿಡಿಯುತ್ತದೆ, ಸಣ್ಣ ಹರಳನ್ನು ದಾಟಿ ಹೋಗುತ್ತದೆ, ಅದುರನ್ನು ತನ್ನಲ್ಲಿಯೇ ಅಡಗಿಸಿಕೊಳ್ಳುತ್ತದೆ.

ಈ ಹಳೆಯ ಕಥೆ ಇಂದಿಗೂ ಪ್ರಸ್ತುತ. ಅಗ್ಗದ ಆಟಿಕೆ ಹಲಗೆಗಳಲ್ಲಿ ಅನೇಕಕ್ಕೆ ಗಟ್ಟಿ ಪ್ಲಾಸ್ಟಿಕ್ಕಿನ ಚಕ್ರಗಳೇ ಇರುತ್ತವೆ. ಅವು ಕಲ್ಲಿಗೆ ಸಿಕ್ಕಿ ನಿಲ್ಲುತ್ತವೆ, ನಯವಾದ ಟೈಲಿನ ಮೇಲೆ ಜಾರುತ್ತವೆ. ಅರ್ಧ ಶತಮಾನದ ಹಿಂದೆಯೇ ಪರಿಹಾರ ಕಂಡ ಅಪಾಯವನ್ನು ನಾವು ಹಣ ಕೊಟ್ಟು ಮನೆಗೆ ತಂದಂತಾಗುತ್ತದೆ.

ಹಲಗೆಯ ಅಂಗಾಂಗಗಳು

ಅಂಗಡಿಗೆ ಹೋಗುವ ಮುನ್ನ ನಾಲ್ಕು ಭಾಗಗಳನ್ನು ತಿಳಿದಿರುವುದು ಲೇಸು.

ಡೆಕ್ ಎಂದರೆ ನಿಲ್ಲುವ ಹಲಗೆ. ಉತ್ತಮವಾದುದನ್ನು ಮೇಪಲ್ ಮರದ ಏಳು ತೆಳುಪದರಗಳನ್ನು ಅಂಟಿಸಿ ಒತ್ತಿ ಮಾಡಿರುತ್ತಾರೆ. ಮೇಲ್ಭಾಗದಲ್ಲಿ ಕಾಲು ಜಾರದಂತೆ ಉಪ್ಪುಕಾಗದದಂಥ ಹೊದಿಕೆ ಇರುತ್ತದೆ. ಆರರಿಂದ ಎಂಟು ವರ್ಷದ ಮಗುವಿಗೆ ಸುಮಾರು 7 ಅಂಗುಲ, ಒಂಬತ್ತರಿಂದ ಹನ್ನೆರಡು ವರ್ಷದವರಿಗೆ ಸುಮಾರು ಏಳೂಕಾಲರಿಂದ ಏಳೂವರೆ ಅಂಗುಲ ಅಗಲದ ಡೆಕ್ ಒಪ್ಪುತ್ತದೆ. ‘ಬೆಳೆಯುವ ಮಗು, ದೊಡ್ಡದೇ ಇರಲಿ’ ಎಂಬ ನಮ್ಮ ಅಂಗಿ ಹೊಲಿಸುವ ಲೆಕ್ಕ ಇಲ್ಲಿ ಸಲ್ಲದು. ಅಗಲ ಹೆಚ್ಚಾದಷ್ಟೂ ಪುಟ್ಟ ಪಾದಕ್ಕೆ ಹಲಗೆಯನ್ನು ತಿರುಗಿಸುವುದು ಕಷ್ಟ.

ಟ್ರಕ್ ಎಂದರೆ ಹಲಗೆಯ ಕೆಳಗಿನ ಲೋಹದ ಅಚ್ಚು. ಇದು ಅಲ್ಯುಮಿನಿಯಮ್ ಮಿಶ್ರಲೋಹದ್ದಾಗಿರಬೇಕು, ಪ್ಲಾಸ್ಟಿಕ್ಕಿನದಾಗಿರಕೂಡದು. ಇದರ ನಡುವೆ ರಬ್ಬರಿನಂಥ ಬುಷ್‌ಗಳಿರುತ್ತವೆ. ಮಗು ಒಂದು ಬದಿಗೆ ವಾಲಿದಾಗ ಹಲಗೆಯೂ ವಾಲಿ ತಿರುಗಬೇಕು. ವಾಲದ ಹಲಗೆ ತಿರುಗದು, ತಿರುಗದ ಹಲಗೆ ಗೋಡೆಗೆ ನೇರವಾಗಿ ಹೋಗುತ್ತದೆ.

ಚಕ್ರಗಳ ಗಡಸುತನವನ್ನು ಅಂಕಿಯ ಮುಂದೆ ‘ಎ’ ಅಕ್ಷರವಿಟ್ಟು ಸೂಚಿಸುತ್ತಾರೆ. 78ಎಯಿಂದ 87ಎವರೆಗಿನವು ಮೆದು, 95ಎ ದಾಟಿದವು ಗಡಸು. ಗಡಸಾದವು ಸ್ಕೇಟ್ ಪಾರ್ಕಿನ ನುಣುಪು ಕಾಂಕ್ರೀಟಿಗೆ ತಕ್ಕವು. ಇಂಟರ್‌ಲಾಕ್ ಇಟ್ಟಿಗೆ ಹಾಸಿದ ನಮ್ಮ ವಸತಿ ಸಮುಚ್ಚಯಗಳ ಅಂಗಳಕ್ಕೆ ಮೆದುವಾದ, 54ರಿಂದ 60 ಮಿಲಿಮೀಟರ್ ವ್ಯಾಸದ ಚಕ್ರಗಳೇ ಮೇಲು.

ನಾಲ್ಕನೆಯದು ಬೇರಿಂಗ್. ಇದಕ್ಕೆ 608 ಎಂಬ ಸಾರ್ವತ್ರಿಕ ಅಳತೆಯುಂಟು. ಈ ಅಳತೆಯದಾದರೆ ಸವೆದಾಗ ಬದಲಿಸುವುದು ಸುಲಭ.

ಎಲ್ಲಿ ಕೊಳ್ಳಬೇಕು?

ನಮ್ಮ ಎರಡು ನಗರಗಳಲ್ಲಿ ಹಲಗೆ ದೊರೆಯುವ ಸ್ಥಳಗಳನ್ನು ಮೂರು ಬಗೆ ಮಾಡಬಹುದು. ಮೊದಲನೆಯದು ಎರ್ನಾಕುಳಂನ ಬ್ರಾಡ್‌ವೇ, ತಿರುವನಂತಪುರದ ಚಾಲೆ ಬಜಾರುಗಳಂಥ ಪೇಟೆಗಳ ಆಟಿಕೆಯಂಗಡಿಗಳು. ಗೊಂಬೆಗೂ ಚೆಂಡಿಗೂ ಇವು ಸರಿ. ಆರು ವರ್ಷದ ಮಗು ಮೈಭಾರವನ್ನೆಲ್ಲ ಇಟ್ಟು ನಿಲ್ಲುವ ಸಾಧನವನ್ನು ಕೊಳ್ಳಲು ತಕ್ಕ ಸ್ಥಳವೆನ್ನಲಾಗದು.

ಎರಡನೆಯದು ಕ್ರೀಡಾಸಾಮಗ್ರಿಯ ಮಳಿಗೆಗಳು. ಕ್ರಿಕೆಟ್ ಬ್ಯಾಟು, ಷಟಲ್ ರ‍್ಯಾಕೆಟ್ಟುಗಳ ಜೊತೆಗೆ ರೋಲರ್ ಸ್ಕೇಟುಗಳನ್ನೂ ಮಾರುವ ಹಳೆಯ ಅಂಗಡಿಗಳು, ಹಾಗೂ ಡೆಕಾತ್ಲಾನ್‌ನಂಥ ದೊಡ್ಡ ಮಳಿಗೆಗಳು ಈ ಗುಂಪಿಗೆ ಸೇರುತ್ತವೆ. ದೊಡ್ಡ ಮಳಿಗೆಯಲ್ಲಿ ಮಕ್ಕಳ ಅಳತೆಯ ಹಲಗೆಯ ಪಕ್ಕದಲ್ಲಿಯೇ ಹೆಲ್ಮೆಟ್, ಮೊಣಕಾಲು ಪಟ್ಟಿಗಳನ್ನು ಮಗುವಿಗೆ ತೊಡಿಸಿ ನೋಡುವ ಅನುಕೂಲವಿದೆ. ಹಳೆಯ ಅಂಗಡಿಯಲ್ಲಿ, ಸ್ಕೇಟಿಂಗ್ ಕಲಿಸುವ ತರಬೇತುದಾರರ ಪರಿಚಯವುಳ್ಳ ಯಜಮಾನರಿದ್ದರೆ, ಹೇಳಿ ತರಿಸಿಕೊಳ್ಳುವ ಅನುಕೂಲವಿದೆ.

ಹೆಸರುಗಳ ಗೊಂದಲದ ಬಗೆಗೆ ಇಲ್ಲಿ ಎಚ್ಚರಿಕೆ ಅಗತ್ಯ. ಬರಿದೇ ‘ಸ್ಕೇಟಿಂಗ್’ ಎಂದರೆ ಕಾಲಿಗೆ ಕಟ್ಟುವ ರೋಲರ್ ಸ್ಕೇಟನ್ನು ತೋರಿಸುತ್ತಾರೆ. ಎರಡೇ ಚಕ್ರಗಳ, ನಡುವೆ ತಿರುಚುವ ‘ವೇವ್ ಬೋರ್ಡ್’ ಬೇರೆ ಆಟ. ‘ಪೆನ್ನಿ ಬೋರ್ಡ್’ ಎಂಬ 22 ಅಂಗುಲದ ಪ್ಲಾಸ್ಟಿಕ್ ಹಲಗೆ ನೋಡಲು ಮಗುವಿನದೇ ಅಳತೆಯೆನಿಸಿದರೂ ಗಿಡ್ಡವಾಗಿ ಕಿರಿದಾಗಿರುವುದರಿಂದ ಹೊಸಬರಿಗೆ ಅದರ ಮೇಲೆ ಸಮತೋಲ ಸಿಕ್ಕದು.

ಮೂರನೆಯದು, ಮತ್ತು ಎಲ್ಲಕ್ಕಿಂತ ಉತ್ತಮವಾದುದು, ಸ್ವತಃ ಆಡುವವರ ಸಂಗ. ತಿರುವನಂತಪುರಕ್ಕೆ ಸುಮಾರು 15 ಕಿಲೋಮೀಟರು ದೂರದ ಕೋವಳಂನಲ್ಲಿ ಸೆಬಾಸ್ಟಿಯನ್ ಇಂಡಿಯನ್ ಸೋಷಿಯಲ್ ಪ್ರಾಜೆಕ್ಟ್ಸ್ ಎಂಬ ಸಂಸ್ಥೆ 1996ರಲ್ಲಿ ಆರಂಭವಾಯಿತು. ಶಾಲೆ ಬಿಟ್ಟ ಬಡಮಕ್ಕಳನ್ನು ಮರಳಿ ಓದಿಗೆ ತರುವುದು ಅದರ ಉದ್ದೇಶ. 2005ರಲ್ಲಿ ಅದರ ಆಶ್ರಯದಲ್ಲಿ ಸರ್ಫಿಂಗ್ ಕೂಟವೂ, ಅನಂತರ ಕೋವಳಂ ಸ್ಕೇಟ್ ಕ್ಲಬ್ಬೂ ಬೆಳೆದವು. ಶಾಲೆಗೆ ಹೋಗುವ ಮಗುವಿಗೆ ಮಾತ್ರ ಅಲೆಯ ಮೇಲಿನ ಆಟ ಎಂಬ ನಿಯಮದಿಂದ ಮೀನುಗಾರರ ಮಕ್ಕಳು ತರಗತಿಗೆ ಮರಳಿದರು. ಕಡಲಿನಿಂದ ನೆಲಕ್ಕೆ ಬಂದ ಕ್ಯಾಲಿಫೋರ್ನಿಯಾದ ಆಟ ಕೋವಳಂನಲ್ಲಿಯೂ ಅದೇ ಹಾದಿಯಲ್ಲಿ ನಡೆದುಬಂದದ್ದು ಸ್ವಾರಸ್ಯಕರ. ಹಲಗೆ ಕೊಳ್ಳುವ ಮುನ್ನ, ವೇಳೆಯನ್ನು ವಿಚಾರಿಸಿಕೊಂಡು, ಮಗುವನ್ನು ಒಂದು ದಿನ ಇಂಥ ಕಡೆಗೆ ಕರೆದೊಯ್ಯಬೇಕು. ಯಾವ ಹಲಗೆ ಬಾಳುತ್ತದೆ, ಯಾವುದು ಒಡೆಯುತ್ತದೆ ಎಂಬುದನ್ನು ದಿನವೂ ಬಿದ್ದೆದ್ದು ಬಲ್ಲ ಹುಡುಗರು ಅರ್ಧ ಗಂಟೆಯಲ್ಲಿ ತಿಳಿಸಿಕೊಡಬಲ್ಲರು.

ರಜೆಯಲ್ಲಿ ಐಲೆಂಡ್ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೆ ಹೋಗುವವರಿಗೆ ಇನ್ನೊಂದು ಅವಕಾಶವೂ ಉಂಟು. ಅಲ್ಲಿಯ ಹೋಲಿಸ್ಟೋಕ್ಡ್ ಎಂಬ ತರುಣರ ಕೂಟ 2013ರಲ್ಲಿ ಲೀವೈಸ್ ಸಂಸ್ಥೆಯ ನೆರವಿನಿಂದ, ದೇಶವಿದೇಶಗಳ ಆಟಗಾರರ ಕೈಜೋಡಿಸಿಕೊಂಡು, ಸಾರ್ವಜನಿಕರಿಗೆ ಉಚಿತವಾದ ಸ್ಕೇಟ್ ಪಾರ್ಕೊಂದನ್ನು ಕಟ್ಟಿತು. ಆಡುವವರ ಬಳಗ ಬೆಳೆದಿರುವ ನಗರದಲ್ಲಿ ಬಿಡಿಭಾಗ, ಸಲಹೆ ಎರಡೂ ಸುಲಭವಾಗಿ ದೊರೆಯುತ್ತವೆ. ತಾತನ ಮನೆಯಿಂದ ಬರುವಾಗ ಹಪ್ಪಳ ಉಪ್ಪಿನಕಾಯಿಗಳ ಜೊತೆಗೆ ಹಲಗೆಯೂ ಬರಬಹುದು.

ಒಳ್ಳೆಯ ಅಂಗಡಿಯ ಲಕ್ಷಣಗಳು

1. ಮಾರುವವನು ಬೆಲೆ ಹೇಳುವ ಮೊದಲು ಮಗುವಿನ ವಯಸ್ಸು, ತೂಕ, ಆಡುವ ಸ್ಥಳ ಇವುಗಳನ್ನು ಕೇಳುತ್ತಾನೆ.

2. ಹಲಗೆಯನ್ನು ನೆಲದ ಮೇಲಿಟ್ಟು, ಮಗುವಿನ ಕೈ ಹಿಡಿದು ನಿಲ್ಲಿಸಿ ನೋಡಲು ಒಪ್ಪುತ್ತಾನೆ. ‘ಡಬ್ಬಿ ಒಡೆದರೆ ಕೊಳ್ಳಲೇಬೇಕು’ ಎನ್ನುವ ಅಂಗಡಿಯನ್ನು ಬಿಟ್ಟು ಮುಂದೆ ನಡೆಯಿರಿ.

3. ಚಕ್ರವನ್ನು ಬೆರಳಿನಿಂದ ತಿರುಗಿಸಿದರೆ ಸದ್ದಿಲ್ಲದೆ ಹಲವು ಸುತ್ತು ತಿರುಗುತ್ತದೆ. ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನುವುದಿಲ್ಲ.

4. ಟ್ರಕ್ಕನ್ನು ಬಿಗಿ ಅಥವಾ ಸಡಿಲ ಮಾಡುವ ಸ್ಪ್ಯಾನರು ಅವನಲ್ಲಿದೆ, ಅದನ್ನು ಬಳಸುವ ಬಗೆಯನ್ನು ತಂದೆತಾಯಿಗೆ ತೋರಿಸಿಕೊಡುತ್ತಾನೆ.

5. ಚಕ್ರ, ಬೇರಿಂಗ್, ಬುಷ್‌ಗಳನ್ನು ಬಿಡಿಯಾಗಿಯೂ ಮಾರುತ್ತಾನೆ, ಇಲ್ಲವೇ ತರಿಸಿಕೊಡುತ್ತಾನೆ.

6. ಹೆಲ್ಮೆಟ್ ಇಲ್ಲದೆ ಹಲಗೆಯನ್ನು ಮಾತ್ರ ಕೊಳ್ಳಲು ಹೊರಟವರನ್ನು ತಡೆದು ಒಂದು ಮಾತು ಹೇಳುತ್ತಾನೆ.

ಈ ಆರರಲ್ಲಿ ನಾಲ್ಕಾದರೂ ಇದ್ದರೆ ಅದು ಒಳ್ಳೆಯ ಅಂಗಡಿ. ಬೋರ್ಡಿನ ದೊಡ್ಡತನ, ಹವಾನಿಯಂತ್ರಣ ಇವು ಲೆಕ್ಕಕ್ಕಿಲ್ಲ.

ವಯಸ್ಸು ಮತ್ತು ರಕ್ಷಣೆ

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2002ರಲ್ಲಿ ಪ್ರಕಟಿಸಿದ ಸಲಹೆಯಂತೆ ಐದು ವರ್ಷದೊಳಗಿನ ಮಕ್ಕಳು ಸ್ಕೇಟ್‌ಬೋರ್ಡ್ ಹತ್ತಲೇಕೂಡದು. ಹತ್ತು ವರ್ಷದೊಳಗಿನವರು ದೊಡ್ಡವರ ಕಣ್ಣೆದುರಿನಲ್ಲಿಯೇ ಆಡಬೇಕು. ಚಿಕ್ಕ ಮಗುವಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು. ಆದ್ದರಿಂದ ಗುರುತ್ವಕೇಂದ್ರ ಮೇಲಿರುತ್ತದೆ, ಸಮತೋಲ ಬೇಗ ತಪ್ಪುತ್ತದೆ. ತನ್ನ ವೇಗವನ್ನೂ ಎದುರಿನ ವಾಹನದ ದೂರವನ್ನೂ ಅಳೆಯುವ ವಿವೇಕ ಆ ವಯಸ್ಸಿಗೆ ಬಂದಿರುವುದಿಲ್ಲ.

ಬೀಳುವಾಗ ಕೈಯೂರುವುದು ಸಹಜ ಪ್ರವೃತ್ತಿಯಾದುದರಿಂದ ಮಣಿಕಟ್ಟಿಗೇ ಪೆಟ್ಟು ಹೆಚ್ಚು. ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಬೆಳವಣಿಗೆಯ ಪದರವೊಂದಿರುತ್ತದೆ. ಅದು ಮೆದು. ಅಲ್ಲಿಯ ಪೆಟ್ಟನ್ನು ಅಲಕ್ಷಿಸಿದರೆ ಎಲುಬು ವಕ್ರವಾಗಿ ಬೆಳೆಯಬಹುದು. ಆದ್ದರಿಂದ ಹೆಲ್ಮೆಟ್, ಮಣಿಕಟ್ಟಿನ ರಕ್ಷೆ, ಮೊಣಕೈ ಮತ್ತು ಮೊಣಕಾಲು ಪಟ್ಟಿ, ಅಡಿ ಚಪ್ಪಟೆಯಾದ ಬೂಟು ಇವಿಷ್ಟಕ್ಕೆ ಮೊದಲು ಹಣ ತೆಗೆದಿರಿಸಿ, ಉಳಿದುದರಲ್ಲಿ ಹಲಗೆ ಕೊಳ್ಳುವುದು ಸರಿಯಾದ ಕ್ರಮ. ಸ್ಕೇಟ್‌ಬೋರ್ಡಿನ ಹೆಲ್ಮೆಟ್ಟಿನ ಮೇಲೆ ಎ.ಎಸ್.ಟಿ.ಎಂ. ಎಫ್ 1492 ಎಂಬ ಗುರುತನ್ನು ಹುಡುಕಬೇಕು. ಅದು ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಎತ್ತರದಲ್ಲಿ ಕುಳಿತಿರಬೇಕು. ತಲೆ ಅಲ್ಲಾಡಿಸಿದರೆ ಜಾರಬಾರದು.

ಮೊದಲ ವಾರ ಹಲಗೆಯನ್ನು ಹುಲ್ಲಿನ ಮೇಲೋ ಜಮಖಾನದ ಮೇಲೋ ಇಟ್ಟು ನಿಲ್ಲುವುದನ್ನೂ, ಕೈಗಳನ್ನು ಚಾಚದೆ ಮೈಮುದುರಿ ಉರುಳಿ ಬೀಳುವುದನ್ನೂ ಕಲಿಸಬೇಕು. ಪೆಟ್ಟಾದ ಮೇಲೆ ಮಗು ಕೈಯೆತ್ತದಿದ್ದರೆ, ಬಾವು ಬಂದರೆ, ಉಳುಕೆಂದು ಎಣ್ಣೆ ತಿಕ್ಕುವುದು ಸರ್ವಥಾ ಕೂಡದು. ಮಡಿಸಿದ ದಿನಪತ್ರಿಕೆಯನ್ನು ಕೈಗೆ ಆಸರೆಯಾಗಿ ಕಟ್ಟಿ, ಕುತ್ತಿಗೆಯಿಂದ ಬಟ್ಟೆಯ ಜೋಲಿಯಲ್ಲಿರಿಸಿ, ಎಕ್ಸ್-ರೇ ತೆಗೆಸಬೇಕು. ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಅಸಹಜ ಮಂಪರು ಕವಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು; ಕೇರಳದಲ್ಲಿ 108ಕ್ಕೆ ಕರೆ ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ.

ಮಳೆ ಮತ್ತು ಉಪ್ಪುಗಾಳಿ

ಈ ಕರಾವಳಿಯ ಹವೆ ಹಲಗೆಗೆ ಶತ್ರು. ಜೂನಿನ ಮುಂಗಾರು, ಅಕ್ಟೋಬರ್ ನವೆಂಬರಿನ ಹಿಂಗಾರು ಎರಡೂ ಇಲ್ಲಿ ಸುರಿಯುತ್ತವೆ. ನೆನೆದ ಮರದ ಪದರಗಳು ಬಿಟ್ಟುಕೊಳ್ಳುತ್ತವೆ, ಬೇರಿಂಗ್ ತುಕ್ಕು ಹಿಡಿಯುತ್ತದೆ, ಒದ್ದೆ ನೆಲದಲ್ಲಿ ಚಕ್ರ ಹಿಡಿತ ಕಳೆದುಕೊಳ್ಳುತ್ತದೆ. ಮಳೆ ನಿಂತು ನೆಲ ಒಣಗುವವರೆಗೆ ಆಟವಿಲ್ಲ ಎಂಬುದು ಮನೆಯ ನಿಯಮವಾಗಲಿ. ಆಟ ಮುಗಿದ ಮೇಲೆ ಒಣಬಟ್ಟೆಯಿಂದ ಒರೆಸಿ ಒಳಗಿಡುವುದು, ವಾರಕ್ಕೊಮ್ಮೆ ನಟ್ಟುಗಳನ್ನು ಪರೀಕ್ಷಿಸುವುದು ಮಗುವಿನದೇ ಕೆಲಸವಾಗಲಿ. ವಾಹನ ಸಂಚರಿಸುವ ರಸ್ತೆಯಾಗಲಿ, ಸಂಜೆಯ ಜನಸಂದಣಿಯ ಮರೀನ್ ಡ್ರೈವ್ ಆಗಲಿ ಕಲಿಯುವ ಸ್ಥಳಗಳಲ್ಲ. ಸಮುಚ್ಚಯದ ಸಂಘದವರೊಡನೆ ಮಾತನಾಡಿ, ಕಾರುಗಳು ಓಡಾಡದ ಒಂದು ಮೂಲೆಯನ್ನು ದಿನಕ್ಕೆ ಒಂದು ಗಂಟೆ ಮಕ್ಕಳಿಗೆ ಬಿಡಿಸಿಕೊಡುವುದು ಹಿರಿಯರ ಕರ್ತವ್ಯ.

ಬೀಳದೆ ಈ ಆಟವನ್ನು ಕಲಿತವರಿಲ್ಲ. ಬೀಳುವುದನ್ನು ನಾವು ತಪ್ಪಿಸಲಾರೆವು; ಕೆಟ್ಟ ಹಲಗೆಯಿಂದ ಬೀಳುವುದನ್ನು ತಪ್ಪಿಸಬಲ್ಲೆವು. ಸರಿಯಾದ ಅಳತೆಯ ಹಲಗೆ, ತಲೆಗೊಪ್ಪುವ ಹೆಲ್ಮೆಟ್, ತಿಳಿದು ಮಾರುವ ಅಂಗಡಿಯವ, ಹತ್ತಿರ ನಿಂತು ನೋಡುವ ತಂದೆ ಅಥವಾ ತಾಯಿ, ಇಷ್ಟು ಒದಗಿದಲ್ಲಿ ಮಗುವಿನ ಕಾಲಿಗೆ ಬಲವೂ ಮನಸ್ಸಿಗೆ ಧೈರ್ಯವೂ ಬಂದು, ಪರವೂರಿನ ಸಿಮೆಂಟು ನೆಲವೂ ಅದಕ್ಕೆ ತನ್ನ ಅಂಗಳವೇ ಆದೀತು.